ಹೊಸ ಐಷಾರಾಮಿ ಕಾರಿನ ಚಾಸಿ ಪರೀಕ್ಷೆ: ಡೆಲಿವರಿಗೆ ಮುನ್ನ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು

ಹೊಸ ಕಾರಿನ ಚಾಸಿಯಲ್ಲಿ ದೋಷ ಹಿಡಿಯುವಾಗ ಉಪಕರಣಕ್ಕಿಂತ ಕ್ರಮವೇ ಮುಖ್ಯ. ಬಾಗಿಲು ತೆರೆದ ಕೂಡಲೇ ಏರ್ ಸಸ್ಪೆನ್ಷನ್ (ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಗಾಡಿಯನ್ನು ಹೊರುವ ವ್ಯವಸ್ಥೆ) ಎಚ್ಚೆತ್ತು, ರಾತ್ರಿಯೆಲ್ಲ ಕುಸಿದಿದ್ದ ಮೂಲೆಯನ್ನು ಮೇಲೆತ್ತಿಬಿಡಬಹುದು. ಸ್ಕ್ಯಾನರ್‌ನಲ್ಲಿ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅಳಿಸಿದರೆ ಅದು ಎಷ್ಟನೇ ಕಿಲೋಮೀಟರಿನಲ್ಲಿ, ಎಷ್ಟು ವೋಲ್ಟೇಜಿನಲ್ಲಿ ಹುಟ್ಟಿತು ಎಂಬುದೂ ಅಳಿಸಿಹೋಗುತ್ತದೆ. ಲಿಫ್ಟಿಗೆ ಏರಿಸಿ ಇಳಿಸಿದರೆ ಗಾಡಿ ಮೊದಲು ನಿಂತಿದ್ದ ಎತ್ತರದಲ್ಲಿ ನಿಲ್ಲುವುದಿಲ್ಲ. ಒಂದು ಸುತ್ತು ಓಡಿಸಿದರೆ ಡಿಸ್ಕಿನ ಮೇಲಿನ ತುಕ್ಕಿನ ಗುರುತು ಉಜ್ಜಿಹೋಗುತ್ತದೆ. ಹಾಗಾಗಿ ಸಾಕ್ಷಿ ಉಳಿಸುವ ಕೆಲಸ ಮೊದಲು, ಅಳಿಸುವ ಕೆಲಸ ಆಮೇಲೆ. ಮುಂದೆ ಹೇಳುವುದೆಲ್ಲ ಇದೇ ಕ್ರಮದಲ್ಲಿದೆ.

ಚಾಸಿ ಎಂದರೆ ಇಲ್ಲಿ ಬರೀ ಫ್ರೇಮ್ ಅಲ್ಲ. ಮುಂದಿನ ಮತ್ತು ಹಿಂದಿನ ಸಬ್‌ಫ್ರೇಮ್ (ಬಾಡಿಯ ಕೆಳಗೆ ಬೋಲ್ಟ್ ಹಾಕಿ ಕೂರಿಸಿದ, ಸಸ್ಪೆನ್ಷನ್ ಹೊರುವ ಚೌಕಟ್ಟು), ಸಸ್ಪೆನ್ಷನ್ ತೋಳುಗಳು, ಸ್ಪ್ರಿಂಗ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಸ್ಟೀರಿಂಗ್, ಬ್ರೇಕ್, ಚಕ್ರ, ಇವನ್ನೆಲ್ಲ ನಡೆಸುವ ಕಂಟ್ರೋಲ್ ಯೂನಿಟ್‌ಗಳು ಎಲ್ಲವೂ ಸೇರಿ ಚಾಸಿ. ಎರಡನೇ ಮಹಾಯುದ್ಧದ ತನಕ ರೋಲ್ಸ್ ರಾಯ್ಸ್‌ನಂಥ ಕಂಪನಿಗಳು ಬಾಡಿ ಇಲ್ಲದ ಚಾಸಿಯನ್ನೇ ಮಾರುತ್ತಿದ್ದವು, ಬಾಡಿಯನ್ನು ಬೇರೆಯವರು ಕಟ್ಟುತ್ತಿದ್ದರು. ಆಗ ಚಾಸಿ ಕಣ್ಣೆದುರಿಗೇ ಬಿಚ್ಚಿಕೊಂಡು ನಿಂತಿರುತ್ತಿತ್ತು. ಈಗ ಅದೆಲ್ಲ ಪ್ಲಾಸ್ಟಿಕ್ ತಟ್ಟೆ, ಶಬ್ದ ತಡೆಯುವ ಹೊದಿಕೆ, ಹೀಟ್ ಶೀಲ್ಡ್‌ಗಳ ಹಿಂದೆ ಅಡಗಿದೆ. ಕೆಳಗಿನ ತಟ್ಟೆಗಳನ್ನು ಬಿಚ್ಚದೆ ಮಾಡಿದ ಚಾಸಿ ಪರೀಕ್ಷೆಯನ್ನು ಪರೀಕ್ಷೆ ಎಂದು ಕರೆಯಬಾರದು.

ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದವು: ಮಟ್ಟಸವಾದ ನೆಲ, ಟೇಪು, ನಿಖರ ಪ್ರೆಶರ್ ಗೇಜ್, ಒಳ್ಳೆಯ ಟಾರ್ಚ್, 40ರಿಂದ 200 ನ್ಯೂಟನ್ ಮೀಟರ್‌ವರೆಗಿನ ಟಾರ್ಕ್ ರೆಂಚ್, ಆಂಗಲ್ ಗೇಜ್, ಆಯಸ್ಕಾಂತದ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಸೋಪಿನ ನೀರಿನ ಸ್ಪ್ರೇ, ಪೇಂಟ್ ಮಾರ್ಕರ್, ಬ್ಯಾಟರಿಗೆ ಆಸರೆ ಕೊಡುವ ಚಾರ್ಜರ್, ಆ ಕಂಪನಿಯ ಎಲ್ಲ ಯೂನಿಟ್‌ಗಳನ್ನೂ ಓದಬಲ್ಲ ಸ್ಕ್ಯಾನರ್. ಇವುಗಳ ಜೊತೆಗೆ ಅದೇ ಚಾಸಿ ನಂಬರಿನ ಬಿಲ್ಡ್ ಶೀಟ್ (ಆ ಕಾರಿಗೆ ಫ್ಯಾಕ್ಟರಿಯಲ್ಲಿ ಹಾಕಿದ ಭಾಗಗಳ ಪಟ್ಟಿ) ಕೂಡ ಕೈಯಲ್ಲಿರಲಿ. ಒಂದೇ ಮಾಡೆಲಿನ ಎರಡು ಕಾರುಗಳಿಗೆ ಬೇರೆ ಬೇರೆ ಸ್ಪ್ರಿಂಗ್, ಬೇರೆ ಡಿಸ್ಕ್, ಬೇರೆ ರಿಮ್ ಇರುವುದು ಈ ದರ್ಜೆಯಲ್ಲಿ ಮಾಮೂಲು. ಯಾವುದು ಇರಬೇಕಿತ್ತು ಎಂದು ಗೊತ್ತಿಲ್ಲದೆ ಯಾವುದು ತಪ್ಪು ಎಂದು ಹೇಳಲಾಗದು. ಈ ಬರಹದಲ್ಲಿ ಕೊಟ್ಟಿರುವ ಅಂಕಿಗಳು ಸಾಮಾನ್ಯವಾಗಿ ಕಾಣುವ ವ್ಯಾಪ್ತಿ ಮಾತ್ರ. ಕೊನೆಯ ಮಾತು ತಯಾರಕರ ವರ್ಕ್‌ಶಾಪ್ ಮಾಹಿತಿಯದ್ದೇ.

ಬಾಗಿಲು ತೆರೆಯುವ ಮುನ್ನ

ಹಿಂದಿನ ಸಂಜೆ ಗಾಡಿಯನ್ನು ಮಟ್ಟಸ ನೆಲದಲ್ಲಿ, ಸ್ಟೀರಿಂಗ್ ನೇರವಾಗಿಟ್ಟು ನಿಲ್ಲಿಸಿ. ನಾಲ್ಕೂ ಮೂಲೆಯಲ್ಲಿ ಚಕ್ರದ ನಡುಬಿಂದುವಿನಿಂದ ನೆಟ್ಟಗೆ ಮೇಲಕ್ಕೆ, ಫೆಂಡರಿನ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಮ್ಮಿಯಾದರೆ ಆ ಲೆಕ್ಕ ಕೆಡುತ್ತದೆ. ಬೆಳಿಗ್ಗೆ ಕೀಲಿ ಹತ್ತಿರ ತರದೆ, ಬಾಗಿಲು ಮುಟ್ಟದೆ ಅದೇ ನಾಲ್ಕು ಅಳತೆಗಳನ್ನು ಮತ್ತೆ ತೆಗೆಯಿರಿ. ಕೀಲಿ ದೂರವಿಡಬೇಕು ಎನ್ನುವುದಕ್ಕೆ ಕಾರಣವಿದೆ. ಅನ್‌ಲಾಕ್ ಆದ ಕ್ಷಣವೇ ಎತ್ತರ ಸರಿಪಡಿಸಿಕೊಳ್ಳಲು ಶುರುಮಾಡುವ ಏರ್ ಸಸ್ಪೆನ್ಷನ್‌ಗಳಿವೆ.

ಈ ಅಳತೆಗಳನ್ನು ಓದುವುದರಲ್ಲಿ ಸ್ವಲ್ಪ ವಿವೇಚನೆ ಬೇಕು. ನಾಲ್ಕೂ ಮೂಲೆ ಕೆಲವು ಮಿಲಿಮೀಟರ್ ಸಮನಾಗಿ ಇಳಿದಿದ್ದರೆ ಅದು ಸೋರಿಕೆ ಆಗಬೇಕೆಂದಿಲ್ಲ. ಸಂಜೆ 30 ಡಿಗ್ರಿ ಇದ್ದ ಗಾಳಿ ಬೆಳಿಗ್ಗೆ 15 ಡಿಗ್ರಿಗೆ ತಣಿದರೆ, ಅದೇ ಭಾರದ ಕೆಳಗೆ ಅದರ ಗಾತ್ರ ಸುಮಾರು ನೂರಕ್ಕೆ 5ರಷ್ಟು ಕುಗ್ಗುತ್ತದೆ. ಸ್ಪ್ರಿಂಗ್ ಅಷ್ಟರ ಮಟ್ಟಿಗೆ ಇಳಿಯುವುದು ಸಹಜ. ಒಂದೇ ಮೂಲೆ ಇಳಿದಿದ್ದರೆ ಆ ಏರ್ ಸ್ಪ್ರಿಂಗ್ ಅಥವಾ ಅದರ ಪೈಪಿನ ಜೋಡಣೆಯನ್ನು ಅನುಮಾನಿಸಿ. ಒಂದು ಆಕ್ಸಲಿನ ಎರಡೂ ಕಡೆ ಇಳಿದಿದ್ದರೆ, ಸ್ಪ್ರಿಂಗುಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿನ ಕಡೆಗೂ ಕಣ್ಣು ಹಾಯಿಸಿ. ಇಲ್ಲಿ ಒಂದು ಮೋಸವಿದೆ. ಕೆಲವು ಗಾಡಿಗಳು ನಿಂತಿರುವಾಗಲೂ ಆಗಾಗ ಎಚ್ಚರಗೊಂಡು, ಅತಿ ಕೆಳಗಿರುವ ಮೂಲೆಗೆ ಸರಿಯಾಗಿ ಉಳಿದ ಮೂರನ್ನೂ ಇಳಿಸಿಕೊಳ್ಳುತ್ತವೆ. ಸೋರುತ್ತಿರುವುದು ಒಂದೇ ಆದರೂ ಬೆಳಿಗ್ಗೆ ನಾಲ್ಕೂ ಒಂದೇ ಸಮ ತಗ್ಗಿದಂತೆ ಕಾಣುತ್ತದೆ. ಇಳಿತ 10 ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಅದು ಎಷ್ಟೇ ಸಮನಾಗಿ ಕಂಡರೂ ಸೋಪಿನ ನೀರಿನ ಪರೀಕ್ಷೆ ಮಾಡದೆ ಬಿಡಬೇಡಿ.

ಉಕ್ಕಿನ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಬೇರೆಯದನ್ನು ಹುಡುಕಬೇಕು. ಹಡಗಿನಲ್ಲಿ, ಟ್ರಕ್ಕಿನಲ್ಲಿ ಸಾಗಿಸುವಾಗ ಗಾಡಿ ಕುಣಿಯದಿರಲೆಂದು ಸ್ಪ್ರಿಂಗಿನ ಸುರುಳಿಗಳ ನಡುವೆ ತಡೆತುಂಡುಗಳನ್ನು ಸಿಕ್ಕಿಸುವುದುಂಟು. ಅವನ್ನು ತೆಗೆಯದಿದ್ದರೆ ಆ ಮೂಲೆ ಎತ್ತರವಾಗಿ, ಕಲ್ಲಿನಂತೆ ಗಡಸಾಗಿ ನಿಲ್ಲುತ್ತದೆ. ಎಷ್ಟು ಹಾಕಿದ್ದರೋ ಅಷ್ಟೂ ತುಂಡು ಕೈಗೆ ಬರಬೇಕು, ಎಣಿಸಿ ಪಕ್ಕಕ್ಕಿಡಿ. ತೆಗೆದ ಜಾಗದಲ್ಲಿ ಸ್ಪ್ರಿಂಗಿನ ಲೇಪ ಎದ್ದಿದೆಯೇ ಎಂದು ಬೆರಳಾಡಿಸಿ ನೋಡಿ. ಉಗುರಿಗೆ ಸಿಗುವಷ್ಟು ಸಣ್ಣ ಗೀರು ಈಗ ಏನೂ ಅನ್ನಿಸದು. ಆದರೆ ಅಲ್ಲೇ ತುಕ್ಕು ಕೂತು, ಕೆಲವು ವರ್ಷಗಳ ಮೇಲೆ ಸ್ಪ್ರಿಂಗ್ ಮುರಿಯುವುದೂ ಅದೇ ಜಾಗದಲ್ಲಿ.

ಎಡಬಲದ ಎತ್ತರದಲ್ಲಿ 10 ಮಿಲಿಮೀಟರಿನಷ್ಟು ವ್ಯತ್ಯಾಸವಿದ್ದರೆ ಕಾರಣ ಸಿಗುವವರೆಗೆ ಮುಂದುವರಿಯಬೇಡಿ. ಸ್ಪ್ರಿಂಗ್ ತಪ್ಪಾಗಿ ಕೂತಿರಬಹುದು, ಒಂದು ಕಡೆ ಬೇರೆ ಗ್ರೇಡಿನದ್ದು ಬಿದ್ದಿರಬಹುದು, ಹೈಟ್ ಸೆನ್ಸರಿನ ಸಣ್ಣ ಸಲಾಕೆ ಬಾಗಿರಬಹುದು. ಬುಷ್ (ತೋಳಿನ ಕೀಲಿನಲ್ಲಿರುವ ರಬ್ಬರ್ ತುಂಡು) ತಿರುಚಿ ಕೂತಿರುವ ಸಾಧ್ಯತೆಯೂ ಇದೆ, ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಬ್ಯಾಟರಿ, ಆಮೇಲೆ ಕೋಡ್

ವೋಲ್ಟೇಜ್ ಬಿದ್ದ ಗಾಡಿಯಲ್ಲಿ ಸ್ಕ್ಯಾನರ್ ಹಾಕಿದರೆ ಇಲ್ಲದ ರೋಗಗಳೆಲ್ಲ ಕಾಣುತ್ತವೆ. ವಾರಗಟ್ಟಲೆ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿಯನ್ನು ಮೊದಲು ಅಳೆಯಿರಿ. ಎಂಜಿನ್ ನಿಂತಿರುವಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು. 12.2ಕ್ಕಿಂತ ಕೆಳಗಿದ್ದರೆ ಅದನ್ನು ಬರೆದುಕೊಂಡು ಚಾರ್ಜರ್ ಜೋಡಿಸಿ, ಆಮೇಲಷ್ಟೇ ಇಗ್ನಿಷನ್ ಹಾಕಿ.

ಕೋಡ್‌ಗಳ ಮೊದಲ ಅಕ್ಷರ ನೋಡಿದರೆ ಯಾವ ವಿಭಾಗದ್ದೆಂದು ತಿಳಿಯುತ್ತದೆ: ಪಿ ಎಂದರೆ ಎಂಜಿನ್ ಮತ್ತು ಗೇರ್, ಸಿ ಎಂದರೆ ಚಾಸಿ, ಬಿ ಎಂದರೆ ಬಾಡಿ, ಯು ಎಂದರೆ ಯೂನಿಟ್‌ಗಳ ನಡುವಿನ ಸಂಪರ್ಕ. ಚಾಸಿ ನೋಡುವವರು ಸಿ ಮತ್ತು ಯು ಎರಡನ್ನೂ ಪೂರ್ತಿ ಓದಬೇಕು. ಮೊದಲು ಇಡೀ ವರದಿಯನ್ನು ಉಳಿಸಿ, ಆಮೇಲೆ ಅಳಿಸಿ, ಇಗ್ನಿಷನ್ ಆರಿಸಿ ಹಾಕಿ, ಮತ್ತೆ ಓದಿ. ವೋಲ್ಟೇಜ್ ಕಡಿಮೆಯಾಗಿ ಹುಟ್ಟಿದ ಯು ಕೋಡ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅಳಿಸಿದ ತಕ್ಷಣ ಬಂದರೆ ವೈರ್, ಕನೆಕ್ಟರ್ ಅಥವಾ ಸೆನ್ಸರ್ ನಿಜವಾಗಿಯೂ ಕೆಟ್ಟಿದೆ. ರಸ್ತೆ ಪರೀಕ್ಷೆಯ ನಂತರ ಮಾತ್ರ ಬರುವುದಾದರೆ ಅದು ಎಲ್ಲಕ್ಕಿಂತ ಬೆಲೆಯುಳ್ಳ ಸುಳಿವು. ಅಲುಗಾಟಕ್ಕೆ ಸಡಿಲವಾಗುವ ಕನೆಕ್ಟರ್‌ಗಳು ಸಿಗುವುದು ಹೀಗೆಯೇ.

ಸಾಗಣೆ ಮೋಡ್ ಇನ್ನೂ ಚಾಲ್ತಿಯಲ್ಲಿದ್ದರೆ ಈಗಲೇ ತೆಗೆಯಿರಿ. ಅದು ಇರುವವರೆಗೆ ಕೆಲವು ಗಾಡಿಗಳಲ್ಲಿ ಸಸ್ಪೆನ್ಷನ್ ಎತ್ತರ ಬೇರೆಯೇ ಇರುತ್ತದೆ, ಹಲವು ಸೌಲಭ್ಯಗಳು ಮಲಗಿರುತ್ತವೆ. ಆ ಸ್ಥಿತಿಯಲ್ಲಿ ಮಾಡಿದ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ವ್ಯರ್ಥ.

ಚಕ್ರ ಮತ್ತು ಟೈರ್

ಸಾಗಣೆಗೆಂದು ಟೈರಿನಲ್ಲಿ ಹೆಚ್ಚು ಗಾಳಿ ತುಂಬಿರುತ್ತಾರೆ, 3 ಬಾರ್ ದಾಟಿರುವುದು ಅಪರೂಪವಲ್ಲ. ತಣ್ಣಗಿರುವಾಗಲೇ ಬಾಗಿಲ ಕಂಬದ ಸ್ಟಿಕರಿನಲ್ಲಿರುವ ಒತ್ತಡಕ್ಕೆ ಇಳಿಸಿ. ತಾಪಮಾನ 10 ಡಿಗ್ರಿ ಬದಲಾದರೆ ಸುಮಾರು 0.1 ಬಾರ್ ವ್ಯತ್ಯಾಸವಾಗುತ್ತದೆ. ಆಮೇಲೆ ಪ್ರೆಶರ್ ಮಾನಿಟರಿನಲ್ಲಿ ಹೊಸ ಒತ್ತಡವನ್ನು ಉಳಿಸಿ.

ನಾಲ್ಕೂ ಟೈರಿನ ತಾರೀಖು ಓದಿ. ಪಕ್ಕದಲ್ಲಿ 1425 ಎಂದಿದ್ದರೆ 2025ರ 14ನೇ ವಾರ. ಮುಂದೆ ಹಿಂದೆ ಬೇರೆ ಅಳತೆ ಇರುವ ಗಾಡಿಯಲ್ಲಿ ಅದಲುಬದಲಾಗಿಲ್ಲವೇ, ತಿರುಗುವ ದಿಕ್ಕಿನ ಬಾಣ ಸರಿಯಿದೆಯೇ, ಹೊರಮೈ ಹೊರಗಿದೆಯೇ ನೋಡಿ. ಬಿಎಂಡಬ್ಲ್ಯೂಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಪೋರ್ಶೆಗೆ ಎನ್ ಜೊತೆ ಒಂದು ಅಂಕಿ, ಹೀಗೆ ಆಯಾ ಕಾರಿಗೆಂದೇ ಒಪ್ಪಿಗೆ ಪಡೆದ ಟೈರಿನ ಮೇಲೆ ಗುರುತು ಇರುತ್ತದೆ. ನಾಲ್ಕರಲ್ಲಿ ಮೂರಕ್ಕೆ ಗುರುತಿದ್ದು ಒಂದಕ್ಕೆ ಇಲ್ಲದಿದ್ದರೆ ದಾರಿಯಲ್ಲಿ ಎಲ್ಲೋ ಟೈರ್ ಬದಲಾಗಿದೆ.

ರಿಮ್ಮಿನ ಹೊರಮೈಯನ್ನು ಎಲ್ಲರೂ ನೋಡುತ್ತಾರೆ, ಒಳಮೈಯನ್ನು ನೋಡಿ. ಸಾಗಣೆಯಲ್ಲಿ ಪಟ್ಟಿ, ಕೊಕ್ಕೆ ತಾಗಿದ ಪೆಟ್ಟು ಅಲ್ಲಿರುತ್ತದೆ.

ಚಕ್ರದ ಬೋಲ್ಟ್‌ಗಳ ಬಿಗಿತ ಐದು ಬೋಲ್ಟಿನ ಗಾಡಿಗಳಲ್ಲಿ ಸಾಮಾನ್ಯವಾಗಿ 120ರಿಂದ 160 ನ್ಯೂಟನ್ ಮೀಟರ್. ನಡುವೆ ಒಂದೇ ದೊಡ್ಡ ನಟ್ ಇರುವ ಚಕ್ರಗಳಲ್ಲಿ ಅದು 500 ದಾಟಬಹುದು, ಅದಕ್ಕೆ ಬೇರೆಯೇ ರೆಂಚ್ ಮತ್ತು ಬ್ರೇಕ್ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ತಯಾರಕರು ಹೇಳದ ಹೊರತು ಬೋಲ್ಟಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ನಾವು ಕೊಡುವ ಟಾರ್ಕಿನಲ್ಲಿ ಹತ್ತನೇ ಒಂದರಷ್ಟು ಮಾತ್ರ ಬೋಲ್ಟನ್ನು ಎಳೆದು ಬಿಗಿಯುತ್ತದೆ, ಮಿಕ್ಕಿದ್ದೆಲ್ಲ ಬೋಲ್ಟಿನ ತಲೆಯ ಮತ್ತು ತಿರುಪಿನ ಸುರುಳಿಯ ಘರ್ಷಣೆಗೇ ಹೋಗುತ್ತದೆ. ಎಣ್ಣೆ ಹಚ್ಚಿ ಘರ್ಷಣೆ ತಗ್ಗಿಸಿದರೆ ರೆಂಚ್ ಅದೇ ಅಂಕಿ ತೋರಿಸುತ್ತಿದ್ದರೂ ಬೋಲ್ಟ್ ಮಿತಿಮೀರಿ ಹಿಗ್ಗಿರುತ್ತದೆ.

ಲಿಫ್ಟಿನ ಮೇಲೆ

ಏರ್ ಸಸ್ಪೆನ್ಷನ್ ಇದ್ದರೆ ಮೊದಲು ಜಾಕ್ ಮೋಡ್ (ಎತ್ತರ ತಾನೇ ಸರಿಪಡಿಸಿಕೊಳ್ಳುವುದನ್ನು ನಿಲ್ಲಿಸುವ ಸೆಟ್ಟಿಂಗ್) ಹಾಕಿ. ಇಲ್ಲದಿದ್ದರೆ ಚಕ್ರ ನೇತಾಡುತ್ತಿದ್ದಂತೆ ಯೂನಿಟ್ ಗಾಳಿ ಬಿಡಲು ನೋಡುತ್ತದೆ, ಇಳಿಸುವಾಗ ಖಾಲಿ ರಬ್ಬರ್ ಚೀಲ ಮಡಿಕೆಬಿದ್ದು ಹಾಳಾಗಬಹುದು. ಲಿಫ್ಟಿನ ಪ್ಯಾಡ್‌ಗಳನ್ನು ಗುರುತಿರುವ ಜಾಗಕ್ಕೇ ಕೊಡಿ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಜಾಗದಿಂದ ನಾಲ್ಕು ಬೆರಳು ಒಳಗೆ ಸರಿದರೆ ಬ್ಯಾಟರಿ ಪೆಟ್ಟಿಗೆ ಸಿಗುತ್ತದೆ. ಆ ಪೆಟ್ಟಿಗೆಯ ತಳದಲ್ಲಿ ಗೀರು, ಗುಂಡಿ ಕಂಡರೆ ಫೋಟೊ ತೆಗೆದು ಅಲ್ಲಿಗೇ ನಿಲ್ಲಿಸಿ. ಕಿತ್ತಳೆ ಬಣ್ಣದ ವೈರ್‌ಗಳನ್ನು ಹೈವೋಲ್ಟೇಜ್ ತರಬೇತಿ ಇಲ್ಲದವರು ಮುಟ್ಟಬಾರದು.

ತಟ್ಟೆಗಳನ್ನು ಬಿಚ್ಚುವಾಗ ಸ್ಕ್ರೂಗಳನ್ನು ಎಣಿಸಿ, ಉದ್ದ ಗಿಡ್ಡ ಬೇರೆ ಬೇರೆ ಇಡಿ. ಆಮೇಲೆ ಮುಂದಿನಿಂದ ಹಿಂದಕ್ಕೆ ಒಂದು ಕಡೆಯಿಂದ ನೋಡುತ್ತಾ ಹೋಗಿ. ಮೊದಲು ಹುಡುಕಬೇಕಾದ್ದು ಕಟ್ಟಿ ಎಳೆದ ಗುರುತು. ಟ್ರಕ್ಕಿನ ಮೇಲೆ ಗಾಡಿಯನ್ನು ಚಕ್ರಕ್ಕೆ ಪಟ್ಟಿ ಹಾಕಿ ಕಟ್ಟಬೇಕು. ಅವಸರದಲ್ಲಿ ಸಸ್ಪೆನ್ಷನ್ ತೋಳಿಗೋ ಸ್ಟೆಬಿಲೈಸರ್ ಬಾರಿಗೋ (ಎಡಬಲ ಚಕ್ರಗಳನ್ನು ಜೋಡಿಸಿ ಗಾಡಿ ವಾಲದಂತೆ ತಡೆಯುವ ಸಲಾಕೆ) ಕೊಕ್ಕೆ ಸಿಕ್ಕಿಸಿ ಎಳೆದಿದ್ದರೆ ಅಲ್ಯೂಮಿನಿಯಂ ತೋಳಿನ ಅಂಚು ಹೊಳೆಯುತ್ತಿರುತ್ತದೆ. ಅಲ್ಯೂಮಿನಿಯಂ ತೋಳು ಬಾಗಿದ್ದರೆ ನೇರ ಮಾಡುವ ಮಾತಿಲ್ಲ, ಬದಲಿಸುವುದೊಂದೇ ದಾರಿ.

ಬ್ರೇಕ್ ಪೈಪು ಕ್ಲಿಪ್ಪಿನಲ್ಲಿ ಕೂತಿದೆಯೇ, ಎಬಿಎಸ್ ವೈರ್ ಚಕ್ರ ಪೂರ್ತಿ ತಿರುಗಿಸಿದಾಗ ಎಳೆದುಕೊಳ್ಳುವುದಿಲ್ಲವೇ, ಆಕ್ಸಲ್ ಬೂಟಿನ ಬಿಗಿಪಟ್ಟಿ ಪಕ್ಕಕ್ಕೆ ಸರಿದಿಲ್ಲವೇ, ಸ್ಟೀರಿಂಗ್ ರ‍್ಯಾಕಿನ ಬೂಟು ತಿರುಚಿಲ್ಲವೇ, ಸೈಲೆನ್ಸರ್ ಪೈಪಿಗೂ ಹೀಟ್ ಶೀಲ್ಡಿಗೂ ನಡುವೆ ಬೆರಳು ಹೋಗುವಷ್ಟು ಜಾಗವಿದೆಯೇ ಎಂದು ಸುತ್ತ ನೋಡಿ. ನೆಲದ ರಬ್ಬರ್ ಬಿರಡೆಗಳು ಎಲ್ಲವೂ ಇರಬೇಕು. ಒಂದು ಬಿರಡೆ ಇಲ್ಲದಿದ್ದರೆ ಹೆದ್ದಾರಿಯಲ್ಲಿ ಗುಂಯ್ ಎನ್ನುವ ಸದ್ದು, ಮಳೆಯಲ್ಲಿ ಒದ್ದೆ ಕಾರ್ಪೆಟ್ಟು.

ಡ್ಯಾಂಪರಿನ ಮೇಲೆ ಹೊಳೆಯುವ ಪಸೆ ಕಂಡ ಕೂಡಲೇ ಸೋರುತ್ತಿದೆ ಎಂದು ತೀರ್ಮಾನಿಸಬೇಡಿ, ತುಕ್ಕು ತಡೆಯಲು ಹಚ್ಚಿದ ಮೇಣವೂ ಹಾಗೇ ಕಾಣುತ್ತದೆ. ಬಟ್ಟೆಯಿಂದ ಒರೆಸಿ, ರಸ್ತೆ ಪರೀಕ್ಷೆ ಮುಗಿಸಿ ಬಂದು ಮತ್ತೆ ನೋಡಿ. ಮತ್ತೆ ಒದ್ದೆಯಾಗಿದ್ದರೆ ಅದು ಎಣ್ಣೆ. ಒಳಗೆ ದ್ರವ ತುಂಬಿದ ದೊಡ್ಡ ಬುಷ್‌ಗಳ ಸುತ್ತ ಕಪ್ಪು ಜಿಡ್ಡು ಇಳಿದಿದ್ದರೆ ಬುಷ್ ಒಡೆದಿದೆ ಎಂದೇ ಅರ್ಥ.

ಬೋಲ್ಟ್‌ಗಳ ವಿಷಯ

ಒಳ್ಳೆಯ ಮನಸ್ಸಿನಿಂದಲೇ ಹೆಚ್ಚು ಹಾನಿ ಮಾಡುವುದು ಇಲ್ಲಿ. ‘ಯಾವುದಕ್ಕೂ ಒಮ್ಮೆ ಬಿಗಿದುಬಿಡೋಣ’ ಎಂದು ಸಬ್‌ಫ್ರೇಮಿನ ಬೋಲ್ಟ್‌ಗಳಿಗೆಲ್ಲ ರೆಂಚ್ ಹಾಕಬಾರದು. ಬೋಲ್ಟ್‌ಗಳಲ್ಲಿ ಎರಡು ಜಾತಿ. ಒಂದು, ಬರೀ ಟಾರ್ಕ್ ಅಂಕಿ ಇರುವುದು. ಇನ್ನೊಂದು, ಟಾರ್ಕಿನ ಮೇಲೆ ಕೋನವೂ ಇರುವುದು; ಉದಾಹರಣೆಗೆ 60 ನ್ಯೂಟನ್ ಮೀಟರ್ ಬಿಗಿದು, ಆಮೇಲೆ 90 ಡಿಗ್ರಿ ತಿರುಗಿಸಿ ಎಂದಿರುವುದು. ಈ ಎರಡನೇ ಜಾತಿಯದ್ದರಲ್ಲಿ ಹೆಚ್ಚಿನವು ಹಿಗ್ಗಿ ಕೂರುವ ಬೋಲ್ಟ್‌ಗಳು. ಒಮ್ಮೆ ಹಿಗ್ಗಿದ್ದನ್ನು ಮತ್ತೆ ಬಿಗಿದರೆ ಇನ್ನಷ್ಟು ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಇವನ್ನು ಕಣ್ಣಿನಿಂದ ಮಾತ್ರ ಪರೀಕ್ಷಿಸಬೇಕು. ಫ್ಯಾಕ್ಟರಿಯ ಬಣ್ಣದ ಗೆರೆ ಇದ್ದರೆ ಅದು ಬೋಲ್ಟಿನ ತಲೆಯಿಂದ ಸಬ್‌ಫ್ರೇಮಿನವರೆಗೆ ತುಂಡಾಗದೆ ಸಾಗಿರಬೇಕು. ತಲೆಯ ಕೆಳಗೆ ಸಂದು ಇರಬಾರದು, ಲೋಹ ಉಜ್ಜಿದ ಪುಡಿ ಇರಬಾರದು. ಅನುಮಾನ ಬಂದರೆ ಬಿಚ್ಚಿ, ಹೊಸ ಬೋಲ್ಟ್ ಹಾಕಿ, ಟಾರ್ಕ್ ಮತ್ತು ಕೋನ ಎರಡನ್ನೂ ಹೇಳಿದಂತೆ ಕೊಡಿ. ಹಳೆಯದನ್ನು ಮತ್ತೆ ಹಾಕಬೇಡಿ.

ಬರೀ ಟಾರ್ಕ್ ಅಂಕಿಯ ಬೋಲ್ಟನ್ನು ಹೀಗೆ ನೋಡಿ: ಮಾರ್ಕರಿನಿಂದ ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಸೇರಿಸಿ ಒಂದು ಗೆರೆ ಎಳೆಯಿರಿ. ರೆಂಚನ್ನು ನಿಗದಿತ ಅಂಕಿಗೆ ಹೊಂದಿಸಿ, ಬಿಗಿಯುವ ದಿಕ್ಕಿಗೆ ಜಗ್ಗದೆ ನಿಧಾನವಾಗಿ ಎಳೆಯಿರಿ. ಗೆರೆ ಕದಲದೆ ಕ್ಲಿಕ್ ಅಂದರೆ ಬೋಲ್ಟ್ ಸಡಿಲವಿಲ್ಲ. ಕ್ಲಿಕ್ ಆಗುವ ಮುನ್ನವೇ ಗೆರೆ ಸರಿದರೆ ಅದು ಸಡಿಲವಿತ್ತು. ಎಷ್ಟು ಸರಿಯಿತೆಂದು ಬರೆದು, ಅದೇ ಭಾಗದ ಉಳಿದ ಬೋಲ್ಟ್‌ಗಳನ್ನೂ ಬಿಡದೆ ನೋಡಿ. ಒಂದು ಬಾರಿಗಿಂತ ಹೆಚ್ಚು ಕ್ಲಿಕ್ ಮಾಡಿಸಬೇಡಿ. ಅತಿಯಾಗಿ ಬಿಗಿದ ಬೋಲ್ಟನ್ನು ಈ ವಿಧಾನ ಹಿಡಿಯಲಾರದು, ಅದು ನೆನಪಿರಲಿ.

ಈಗ ಬುಷ್‌ನ ಮಾತು. ಸಸ್ಪೆನ್ಷನ್ ತೋಳಿನ ರಬ್ಬರ್ ಬುಷ್ ಸುತ್ತುವುದಿಲ್ಲ, ತಿರುಚಿಕೊಳ್ಳುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟ್ ಅಮುಕಿ ಹಿಡಿದಿರುತ್ತದೆ, ಹೊರಗಿನದು ತೋಳಿನ ಜೊತೆ ಮೇಲೆ ಕೆಳಗೆ ಹೋಗುತ್ತದೆ. ಹಾಗಾಗಿ ಬೋಲ್ಟ್ ಬಿಗಿಯಬೇಕಾದ್ದು ಗಾಡಿ ತನ್ನ ಸಹಜ ಎತ್ತರದಲ್ಲಿರುವಾಗ, ರಬ್ಬರ್ ಸಡಿಲವಾಗಿ ಕೂತಿರುವಾಗ. ಚಕ್ರ ನೇತಾಡುತ್ತಿರುವಾಗ ಬಿಗಿದುಬಿಟ್ಟರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ಆ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ. ಆ ಮೂಲೆ ಕೆಲವು ಮಿಲಿಮೀಟರ್ ಎತ್ತರ ನಿಲ್ಲುತ್ತದೆ, ಸಣ್ಣ ಹಳ್ಳಕ್ಕೂ ಗಡಸು ಅನ್ನಿಸುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ಸ್ಕ್ಯಾನರ್ ಇದಕ್ಕೆ ಯಾವ ಕೋಡನ್ನೂ ಕೊಡುವುದಿಲ್ಲ. ಸಾಗಣೆಯ ಹಾನಿಗೆಂದು ತೋಳು ಬದಲಿಸಿದ ಗಾಡಿಯಲ್ಲಿ ಈ ತಪ್ಪನ್ನು ಮೊದಲು ಹುಡುಕಿ. ಸರಿಪಡಿಸುವುದು ಕಷ್ಟವಲ್ಲ: ತೋಳನ್ನು ಜಾಕಿನಿಂದ ಎತ್ತಿ, ಚಕ್ರದ ನಡುವಿನಿಂದ ಫೆಂಡರಿಗೆ ತಯಾರಕರು ಹೇಳಿದ ಅಳತೆ ಬರುವಂತೆ ಮಾಡಿ, ಬೋಲ್ಟ್ ಸಡಿಲಿಸಿ, ಹೊಸ ಬೋಲ್ಟ್ ಹಾಕಿ ಬಿಗಿಯಿರಿ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು, ಆಮೇಲೆ ಎಡಬಲ ಹಿಡಿದು ಅಲುಗಾಡಿಸಿ. ಹೊಸ ಗಾಡಿಯಲ್ಲಿ ಕೈಗೆ ತಿಳಿಯುವಷ್ಟು ಆಟ ಇರಲೇಬಾರದು. ಎಡಬಲ ಆಟವಿದ್ದರೆ ಟೈ ರಾಡ್, ಮೇಲೆ ಕೆಳಗೆ ಇದ್ದರೆ ಬಾಲ್ ಜಾಯಿಂಟ್, ಎರಡರಲ್ಲೂ ಇದ್ದರೆ ಬೇರಿಂಗ್ ಎಂದು ಅಲ್ಲಿಂದ ಹುಡುಕಲು ಶುರುಮಾಡಿ.

ಗಾಳಿ ಸೋರುವಿಕೆ

ಗಾಡಿಯನ್ನು ಅತಿ ಎತ್ತರದ ಸ್ಥಾನಕ್ಕೆ ಏರಿಸಿದಾಗ ಪರೀಕ್ಷೆ ಸುಲಭ, ರಬ್ಬರಿನ ಮಡಿಕೆ ಬಿಚ್ಚಿಕೊಂಡು ಕಾಣುತ್ತದೆ. ಸ್ಪ್ರಿಂಗಿನ ತಲೆಯ ಪೈಪ್ ಜೋಡಣೆ, ವಾಲ್ವ್ ಬ್ಲಾಕಿನ ಎಲ್ಲ ಪೈಪುಗಳು, ಗಾಳಿ ಟ್ಯಾಂಕು, ರಬ್ಬರಿನ ಮಡಿಕೆ, ಇವಕ್ಕೆಲ್ಲ ಸೋಪಿನ ನೀರು ಸಿಂಪಡಿಸಿ ಕನಿಷ್ಠ ಒಂದು ನಿಮಿಷ ಕಾದು ನೋಡಿ. ದೊಡ್ಡ ಸೋರಿಕೆ ತಕ್ಷಣ ಗುಳ್ಳೆ ಎಬ್ಬಿಸುತ್ತದೆ. ರಾತ್ರಿಗೆ 15 ಮಿಲಿಮೀಟರ್ ಇಳಿಸುವ ಸೋರಿಕೆ ಅಂಥದ್ದಲ್ಲ, ಅದು ಸಾಸಿವೆ ಕಾಳಿನಂಥ ಸಣ್ಣ ನೊರೆಯ ಗುಂಪಾಗಿ ನಿಧಾನಕ್ಕೆ ಬೆಳೆಯುತ್ತದೆ, ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಹೊಸ ಗಾಡಿಯಲ್ಲಿ ರಬ್ಬರಿಗಿಂತ ಮೊದಲು ಪೈಪಿನ ತುದಿಯನ್ನು ಅನುಮಾನಿಸಿ: ಪೈಪು ಜೋಡಣೆಯೊಳಗೆ ಪೂರ್ತಿ ಹೋಗಿರುವುದಿಲ್ಲ, ಇಲ್ಲವೇ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ನೇರವಾಗಿ ಕತ್ತರಿಸಿ ಹೊಸ ಜೋಡಣೆ ಹಾಕಿದರೆ ಮುಗಿಯಿತು.

ಸಣ್ಣದೆಂದು ಬಿಟ್ಟರೆ ಏನಾಗುತ್ತದೆ? ಎತ್ತರ ಕಾಯ್ದುಕೊಳ್ಳಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ. ಬಿಸಿಯಾಗಿ ತಾನೇ ನಿಲ್ಲುತ್ತದೆ, ತಣಿದು ಮತ್ತೆ ಓಡುತ್ತದೆ. ಹೆಚ್ಚು ಗಾಳಿ ಎಳೆದಷ್ಟೂ ಹೆಚ್ಚು ತೇವ ಒಳಬರುತ್ತದೆ, ಡ್ರೈಯರ್ ಸೋಲುತ್ತದೆ, ವಾಲ್ವ್‌ಗಳು ಕಚ್ಚಿಕೊಳ್ಳುತ್ತವೆ. ಕೊನೆಗೆ ಸುಟ್ಟುಹೋಗುವುದು ಕಂಪ್ರೆಸರ್, ಆದರೆ ತಪ್ಪು ಮಾಡಿದ್ದು ಅರ್ಧ ಕೂತ ಪೈಪು.

ಬ್ರೇಕ್

ಎರಕದ ಡಿಸ್ಕಿನ ಮೇಲೆ ತೆಳು ತುಕ್ಕು ಸಹಜ, ಕೆಲವು ಬಾರಿ ಬ್ರೇಕ್ ಹಿಡಿದರೆ ಹೋಗುತ್ತದೆ. ನೋಡಬೇಕಾದ್ದು ಪ್ಯಾಡಿನ ಆಕಾರದಲ್ಲೇ ಮೂಡಿದ ಕಪ್ಪು ಅಚ್ಚು ಮತ್ತು ಉಗುರಿಗೆ ಸಿಗುವ ಗುಳಿ. ಇವಿದ್ದರೆ ಓಡಿಸುವ ಮುನ್ನ ಫೋಟೊ ತೆಗೆಯಿರಿ.

ಡಿಸ್ಕಿನ ಅಂಚಿನಿಂದ ಸುಮಾರು 10 ಮಿಲಿಮೀಟರ್ ಒಳಗೆ ಡಯಲ್ ಗೇಜ್ ಇಟ್ಟು, ಡಿಸ್ಕನ್ನು ಹಬ್ಬಿಗೆ (ಚಕ್ರ, ಡಿಸ್ಕ್ ಎರಡೂ ಕೂರುವ ನಡುಭಾಗ) ಬಿಗಿದು ಒಂದು ಸುತ್ತು ತಿರುಗಿಸಿ. ಓಲಾಟ 0.05 ಮಿಲಿಮೀಟರಿನೊಳಗಿದ್ದರೆ ಒಳ್ಳೆಯದು, 0.1 ದಾಟಿದರೆ ಬಿಡುವಂತಿಲ್ಲ. ಹೆಚ್ಚು ಬಂದರೆ ಡಿಸ್ಕನ್ನೇ ದೂರುವ ಮುನ್ನ ಬಿಚ್ಚಿ ಹಬ್ಬಿನ ಮುಖ ನೋಡಿ. 150 ಮಿಲಿಮೀಟರ್ ಅಗಲದ ಹಬ್ಬಿನ ಅಂಚಿನಲ್ಲಿ 0.05 ಮಿಲಿಮೀಟರಿನ ಒಂದು ತುಕ್ಕಿನ ಹಕ್ಕಳೆ ಸಿಕ್ಕಿಕೊಂಡರೆ, 380 ಮಿಲಿಮೀಟರ್ ಡಿಸ್ಕಿನ ಅಂಚಿನಲ್ಲಿ ಅದು 0.12ಕ್ಕೂ ಹೆಚ್ಚಾಗುತ್ತದೆ. ಕಣ್ಣಿಗೆ ಕಾಣದ ಕಸ ಸ್ಟೀರಿಂಗ್ ನಡುಗಿಸುವುದು ಹೀಗೆ.

ಕಾರ್ಬನ್ ಸೆರಾಮಿಕ್ ಡಿಸ್ಕಿಗೆ ತುಕ್ಕಿನ ಭಯವಿಲ್ಲ, ಪೆಟ್ಟಿನ ಭಯವಿದೆ. ಚಕ್ರ ಬಿಚ್ಚುವಾಗ ರಿಮ್ ಡಿಸ್ಕಿಗೆ ತಾಗಿದರೆ ಅಂಚು ಚಕ್ಕೆ ಏಳುತ್ತದೆ. ಬೋಲ್ಟಿನ ರಂಧ್ರಕ್ಕೆ ಮಾರ್ಗದರ್ಶಿ ಪಿನ್ ಹಾಕಿಯೇ ಚಕ್ರ ಎಳೆಯಿರಿ. ಒಳ ಹೊರ ಅಂಚುಗಳನ್ನು ಟಾರ್ಚ್ ಹಿಡಿದು ಪೂರ್ತಿ ಸುತ್ತು ನೋಡಿ.

ಅಲೈನ್‌ಮೆಂಟ್

ಎತ್ತರ, ಟೈರ್ ಒತ್ತಡ, ಬುಷ್ ಮೂರೂ ಸರಿಯಾದ ಮೇಲಷ್ಟೇ ಗಾಡಿಯನ್ನು ಅಲೈನ್‌ಮೆಂಟ್ ಮೇಲೆ ನಿಲ್ಲಿಸಿ. ತಯಾರಕರು ಹೇಳಿದಷ್ಟು ಇಂಧನ ಇರಲಿ, ಏರ್ ಸಸ್ಪೆನ್ಷನ್ ಅಲೈನ್‌ಮೆಂಟಿನ ಎತ್ತರದಲ್ಲಿರಲಿ. ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನದು. ಕಾರಣ ಹೀಗಿದೆ: ಗಾಡಿ ಹೋಗುವ ದಿಕ್ಕನ್ನು ಹೇಳುವುದು ಹಿಂದಿನ ಚಕ್ರಗಳು. ಹಿಂದಿನ ಎಡ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) 10 ಮಿನಿಟ್, ಬಲದ್ದು 4 ಮಿನಿಟ್ ಇದ್ದರೆ (ಇಲ್ಲಿ ಮಿನಿಟ್ ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ), ಅವುಗಳ ವ್ಯತ್ಯಾಸದ ಅರ್ಧ, ಅಂದರೆ 3 ಮಿನಿಟ್, ಗಾಡಿ ಓರೆಯಾಗಿ ಸಾಗುತ್ತದೆ. ಅದನ್ನು ಬಿಟ್ಟು ಮುಂದಿನ ಚಕ್ರವನ್ನು ಎಷ್ಟು ತಿದ್ದಿದರೂ ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿಯೇ ನಿಲ್ಲುತ್ತದೆ.

ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಅಥವಾ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷ ವಾಲಿರುವ ಕೋನ) ಎಡಬಲಕ್ಕೆ 30 ಮಿನಿಟಿಗಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ಸಬ್‌ಫ್ರೇಮ್ ಪಕ್ಕಕ್ಕೆ ಸರಿದು ಕೂತಿದೆಯೇ ನೋಡಿ. ಬಾಡಿಯ ಮತ್ತು ಸಬ್‌ಫ್ರೇಮಿನ ಸ್ಥಾನ ಸೂಚಿಸುವ ರಂಧ್ರಗಳು ಒಂದರ ಮೇಲೊಂದು ಬರಬೇಕು. ಎಡಕ್ಕೆ ಕ್ಯಾಂಬರ್ ಎಷ್ಟು ಹೆಚ್ಚಿದೆಯೋ ಬಲಕ್ಕೆ ಅಷ್ಟೇ ಕಡಿಮೆ ಇದ್ದರೆ ಸರಿದಿರುವುದು ಸಬ್‌ಫ್ರೇಮ್. ಒಂದೇ ಕಡೆ ಮಾತ್ರ ಕೆಟ್ಟಿದ್ದರೆ ಆ ಕಡೆಯ ತೋಳು ಬಾಗಿರಬಹುದು.

ಮುಗಿದ ಮೇಲೆ ಸ್ಟೀರಿಂಗ್ ಆಂಗಲ್ ಸೆನ್ಸರಿಗೆ ಶೂನ್ಯ ಸ್ಥಾನ ಕಲಿಸಿ. ಹಿಂದಿನ ಚಕ್ರವೂ ತಿರುಗುವ ಗಾಡಿಯಾದರೆ ಅದಕ್ಕೂ ಕಲಿಸಿ. ಹಿಂದಿನ ಟೋ ಬದಲಿಸಿದ್ದರೆ ಕ್ಯಾಮೆರಾ ಮತ್ತು ರಾಡಾರ್ ಮರುಹೊಂದಾಣಿಕೆ ಬೇಕೇ ಎಂದು ತಯಾರಕರ ಸೂಚನೆ ನೋಡಿ. ಅವು ನೇರ ಎಂದು ನಂಬಿದ್ದ ದಿಕ್ಕು ಈಗ ಬದಲಾಗಿದೆ.

ರಸ್ತೆಯ ಮೇಲೆ

20ರಿಂದ 30 ಕಿಲೋಮೀಟರ್ ಸಾಕು, ಆದರೆ ನುಣುಪು ರಸ್ತೆ, ಒಡಕು ರಸ್ತೆ, ವೇಗದ ರಸ್ತೆ ಮೂರೂ ಸಿಗಬೇಕು. ಹೊಸ ಟೈರಿನ ಮೈಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಹಿಡಿತ ಪೂರ್ತಿ ಬಂದಿರುವುದಿಲ್ಲ. ಜೋರಾಗಿ ತಿರುಗಿಸುವುದು, ಗಟ್ಟಿಯಾಗಿ ಬ್ರೇಕ್ ಒತ್ತುವುದು ಬೇಡ.

ಮೊದಲು 15ರಿಂದ 20 ಕಿಲೋಮೀಟರ್ ವೇಗದಲ್ಲಿ, ಕಿಟಕಿ ಇಳಿಸಿ, ರೇಡಿಯೊ ಆರಿಸಿ ಉಬ್ಬುಗಳ ಮೇಲೆ ಹೋಗಿ. ಒಮ್ಮೆ ಎರಡೂ ಚಕ್ರ ಒಟ್ಟಿಗೆ ಏರುವಂತೆ, ಇನ್ನೊಮ್ಮೆ ಒಂದೇ ಕಡೆಯ ಚಕ್ರ ಏರುವಂತೆ. ಒಂದೇ ಚಕ್ರ ಏರಿದಾಗ ಮಾತ್ರ ಟಕ್ ಎಂದರೆ ಸ್ಟೆಬಿಲೈಸರ್ ಲಿಂಕ್ ನೋಡಿ, ಯಾಕೆಂದರೆ ಎರಡೂ ಚಕ್ರ ಒಟ್ಟಿಗೆ ಏರಿದಾಗ ಆ ಬಾರ್ ತಿರುಚುವುದೇ ಇಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟೊಯ್ಂ ಎಂದು ಸ್ಪ್ರಿಂಗ್ ಜಾರಿದ ಸದ್ದು ಬಂದರೆ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಟ್ಟಿಗಿರುವ ಕಂಬ) ಮೇಲಿನ ಬೇರಿಂಗ್ ನೋಡಿ.

60ರಲ್ಲಿ ಸ್ಟೀರಿಂಗನ್ನು ಹಗುರವಾಗಿ ಹಿಡಿದು ಎಳೆತ ಗಮನಿಸಿ. ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ, ಆದ್ದರಿಂದ ಆ ಕಡೆಗೆ ಸ್ವಲ್ಪ ಎಳೆಯುವುದು ಸಹಜ. ರಸ್ತೆಯ ಇಳಿಜಾರಿಗೂ ವಿರುದ್ಧವಾಗಿ ಎಳೆದರೆ ದೋಷ ಗಾಡಿಯದ್ದು.

ನಂತರ 90ರಿಂದ 120. ನಿಂತೂ ನಿಂತೂ ಚಪ್ಪಟೆಯಾದ ಟೈರ್ ಮೊದಲ ಕಿಲೋಮೀಟರುಗಳಲ್ಲಿ ನಡುಗಿಸುತ್ತದೆ, 20 ನಿಮಿಷ ಓಡಿ ಬಿಸಿಯಾದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬಿಸಿಯಾದ ಮೇಲೂ ಉಳಿದರೆ ಬ್ಯಾಲೆನ್ಸ್ ನೋಡಿ. ಲೆಕ್ಕ ಹಾಕಿದರೆ ಇದರ ಬಲ ತಿಳಿಯುತ್ತದೆ: ಟೈರಿನ ಸುತ್ತಳತೆ 2.2 ಮೀಟರ್ ಇದ್ದರೆ 100ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 12.6 ಸುತ್ತು ತಿರುಗುತ್ತದೆ. 20 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೂ, ಸುಮಾರು 3 ಕಿಲೋ ತೂಕದಷ್ಟು ಎಳೆತ ಸೆಕೆಂಡಿಗೆ ಹನ್ನೆರಡಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತಾ ಬಡಿಯುತ್ತದೆ. ನಡುಕ ಸ್ಟೀರಿಂಗಿನಲ್ಲಿದ್ದರೆ ಮುಂದಿನ ಚಕ್ರ, ಸೀಟಿನಲ್ಲಿದ್ದರೆ ಹಿಂದಿನದು. ಬ್ಯಾಲೆನ್ಸ್ ಸೊನ್ನೆ ತೋರಿಸಿಯೂ ನಡುಕ ಹೋಗದಿದ್ದರೆ ಟೈರಿನ ಗಡಸುತನವೇ ಸುತ್ತ ಒಂದೇ ಸಮ ಇಲ್ಲ. ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿ, ಆಗಲೂ ಹೋಗದಿದ್ದರೆ ಟೈರ್ ಬದಲಿಸಿ. ನಡುಕಕ್ಕಿಂತ ಗುಂಯ್‌ಗುಡುವ ಮೊರೆತವೇ ಹೆಚ್ಚಿದ್ದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ) ಕಡೆ ನೋಡಿ, ಅದು ಚಕ್ರಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಸುತ್ತುತ್ತದೆ.

100ರಿಂದ 40ಕ್ಕೆ ಮೆಲ್ಲಗೆ ಬ್ರೇಕ್ ಹಿಡಿದು ಪೆಡಲ್ ಮಿಡಿಯುತ್ತಿದೆಯೇ ನೋಡಿ. ಕಂಫರ್ಟ್, ಸ್ಪೋರ್ಟ್ ಮೋಡ್‌ಗಳನ್ನು ಅದೇ ಒಡಕು ರಸ್ತೆಯ ಮೇಲೆ ಬದಲಿಸಿ ಹೋಲಿಸಿ. ವ್ಯತ್ಯಾಸವೇ ತಿಳಿಯದಿದ್ದರೆ ಡ್ಯಾಂಪರುಗಳು ಆಜ್ಞೆ ಪಾಲಿಸುತ್ತಿಲ್ಲ. ನಿಂತ ಗಾಡಿಯ ಮೂಲೆ ಅದುಮಿ ಡ್ಯಾಂಪರ್ ನೋಡುವ ಹಳೆಯ ರೂಢಿ ಇಂಥ ಗಾಡಿಗಳಲ್ಲಿ ನಂಬಲು ಬರುವುದಿಲ್ಲ.

ವಾಪಸ್ ಬಂದ ಮೇಲೆ

ಬಿಸಿ ಇರುವಾಗಲೇ ಮತ್ತೆ ಲಿಫ್ಟಿಗೆ ಏರಿಸಿ. ಒರೆಸಿಟ್ಟ ಡ್ಯಾಂಪರುಗಳು, ಬ್ರೇಕ್ ಪೈಪಿನ ಜೋಡಣೆಗಳು, ಮಾರ್ಕರಿನ ಗೆರೆಗಳು ಎಲ್ಲವನ್ನೂ ಇನ್ನೊಮ್ಮೆ ನೋಡಿ. ಸ್ಕ್ಯಾನರಿನಲ್ಲಿ ಎರಡನೇ ವರದಿ ತೆಗೆದು ಮೊದಲಿನದರ ಪಕ್ಕದಲ್ಲಿಡಿ. ತಟ್ಟೆಗಳನ್ನು ಎಣಿಸಿಟ್ಟ ಅಷ್ಟೂ ಸ್ಕ್ರೂ ಹಾಕಿ ಮುಚ್ಚಿ. ಒಂದು ಉಳಿದರೂ ಹೆದ್ದಾರಿಯಲ್ಲಿ ತಟ್ಟೆ ಪಟಪಟ ಬಡಿದುಕೊಳ್ಳುತ್ತದೆ. ಬಿಚ್ಚಿ ಹಾಕಿದ ಚಕ್ರಗಳ ಬೋಲ್ಟ್‌ಗಳನ್ನು 50ರಿಂದ 100 ಕಿಲೋಮೀಟರಿನೊಳಗೆ, ಚಕ್ರ ತಣಿದ ಮೇಲೆ ಮತ್ತೆ ನೋಡಬೇಕೆಂದು ಮಾಲೀಕರಿಗೆ ಬರೆದುಕೊಡಿ.

ಗಾಡಿಯನ್ನು ಅದೇ ಮಟ್ಟಸ ನೆಲದಲ್ಲಿ ಇನ್ನೊಂದು ರಾತ್ರಿ ನಿಲ್ಲಿಸಿ. ಮರುದಿನ ಬೆಳಿಗ್ಗೆ ಕೀಲಿ ದೂರವಿಟ್ಟು ನಾಲ್ಕು ಮೂಲೆಗಳನ್ನು ಅಳೆಯಿರಿ. ಆ ನಾಲ್ಕು ಅಂಕಿಗಳು, ಅಲೈನ್‌ಮೆಂಟ್ ವರದಿ, ಎರಡು ಸ್ಕ್ಯಾನ್ ವರದಿಗಳು, ತೆಗೆದ ತಡೆತುಂಡುಗಳ ಲೆಕ್ಕ, ಎಲ್ಲವೂ ಗಾಡಿಯ ಕಾಗದಪತ್ರಗಳ ಜೊತೆಗೇ ಹೋಗಲಿ. ಮೂರು ವರ್ಷದ ಮೇಲೆ ಯಾರಾದರೂ ‘ಈ ಮೂಲೆ ಸ್ವಲ್ಪ ಇಳಿದಿದೆಯಲ್ಲ’ ಎಂದಾಗ ಟೇಪು ಹಿಡಿದು ಹೋಲಿಸಲು ಬೇರೆ ಆಧಾರ ಇರುವುದಿಲ್ಲ.